ನೂರಾ ಅರವತ್ತು ಸುಖಿಗಳ ಬೇಸಿಗೆ

ಮೊನ್ನೆ ವಿಜಾಪುರ ರಸ್ತೆಯ ಒಂದು ಹೋಟೆಲಿನಲ್ಲಿ ನಮ್ಮ ಸೊಲ್ಲಾಪುರದ ಟಾವೆಲ್ ಕಾರಖಾನೆದಾರರ ಸಭೆಯಿತ್ತು, ಅವರ ಮಾಲು ಕೊಳ್ಳುವ ನನಗೂ ಕರೆ ಬಂದಿತ್ತು. ವಿಷಯ, ಕೆಲಸಗಾರರ ಮಾನಸಿಕ ಆರೋಗ್ಯ. ಒಳಗೆ ಎ.ಸಿ. ಎಷ್ಟು ಜೋರಿತ್ತೆಂದರೆ ಮುಂದಿನ ಸಾಲಿನ ಶೇಠರು ಸತ್ಕಾರಕ್ಕೆ ಕೊಟ್ಟ ಶಾಲನ್ನು ತೆಗೆಯದೆ ಹೊದ್ದುಕೊಂಡೇ ಕೂತಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು, ನಮ್ಮ ಕಾಮಗಾರರು ಅಂದರೆ ನಮ್ಮ ಕುಟುಂಬ ಅಂದರು. ನನ್ನ ಅನುಭವ ಹೇಳುತ್ತೇನೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಯಾವ ಮಾಲೀಕ ಕುಟುಂಬ ಅನ್ನುತ್ತಾನೋ ಅವನ ಕಾರಖಾನೆಯ ಸಂಡಾಸಕ್ಕೆ ಒಮ್ಮೆ ಹೋಗಿ ಬರ್ರಿ. ಬಾಗಿಲಿಗೆ ಚಿಲಕ ಇದ್ದರೆ ಅವನ ಮಾತು ನಂಬಬಹುದು. ನಾನು ಕಂಡ ಕುಟುಂಬಗಳಲ್ಲಿ ಚಿಲಕ ಇದ್ದದ್ದು ಕಡಿಮೆ.

ಊಟ ಮುಗಿಸಿ ಹೊರಡುವಾಗ ಎಲ್ಲರ ಕೈಗೂ ಒಂದೊಂದು ಟಾವೆಲ್ ಕೊಟ್ಟರು. ಗಾಡಿಯಲ್ಲಿ ಕೂತು ಪ್ಲಾಸ್ಟಿಕ್ ಹರಿದೆ. ಗಂಜಿ, ಹಬೆ, ಅದರ ಮೇಲೆ ಬಟ್ಟೆ ಮೆತ್ತಗಾಗಲೆಂದು ಹಾಕುವ ರಸಾಯನದ ಒಂಥರಾ ಸಿಹಿ ವಾಸನೆ. ಮೂವತ್ತು ವರ್ಷ ಈ ವಾಸನೆಯೊಳಗೇ ಬದುಕಿದವನು ನಾನು, ಅದು ನನಗೆ ಗಾಳಿಯ ಹಾಗೆ, ಇದೆಯೆಂದೇ ತಿಳಿಯುವುದಿಲ್ಲ. ಆದರೆ ಅವತ್ತು ಅಷ್ಟು ಹೊತ್ತು ಆ ಭಾಷಣಗಳನ್ನು ಕೇಳಿದ್ದಕ್ಕೋ ಏನೋ, ಆ ವಾಸನೆ ಹಿಡಿದು ಒಂದು ಬೇಸಿಗೆ ಮೂಗಿನೊಳಗೆ ನುಗ್ಗಿತು. ಕೊರೋನಾದ ಗದ್ದಲ ತಣ್ಣಗಾಗಿ, ಹೊರದೇಶದ ಆರ್ಡರುಗಳು ಮತ್ತೆ ಬರತೊಡಗಿದ್ದ ಬೇಸಿಗೆ ಅದು.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಹೆಸರು ಬಸಣ್ಣ. ದುಧನಿ ಸ್ಟೇಷನ್ನಿನಲ್ಲಿ ತೋಳಿನ ಮೇಲೆ ಟಾವೆಲ್ ಹಾಕಿಕೊಂಡು ರೈಲಿನ ಕಿಟಕಿ ಕಿಟಕಿಗೆ ಮಾರಿದವನು. ಗಾಡಿ ಬಿಡುವುದರೊಳಗೆ ಚೌಕಾಸಿ ಮುಗಿಸಬೇಕು. ನನ್ನ ಸಾಲಿ, ಕಾಲೇಜು ಎಲ್ಲ ಅದೇ. ಈಗ ಅಕ್ಕಲಕೋಟದಲ್ಲಿ ದರ್ಶನಕ್ಕೆ ಬರುವ ಭಕ್ತರಿಗಾಗಿ ಒಂದು ಅಂಗಡಿ ಇದೆ, ಒಂದು ಟೆಂಪೋ ಇದೆ. ನನ್ನ ದಂಧೆ ಸೆಕೆಂಡ್ ಮಾಲಿನದು. ಅಂದರೆ ಕಾರಖಾನೆಯಲ್ಲಿ ತಪಾಸಣೆಯಾಗುವಾಗ ನೂಲು ಎಳೆದದ್ದು, ಅಂಚು ಸೊಟ್ಟಗಾದದ್ದು, ಕಲೆ ಬಿದ್ದದ್ದು ಎಂದು ಬದಿಗಿಟ್ಟ ಟಾವೆಲುಗಳನ್ನು ರಾಶಿಗಟ್ಟಲೆ ತೂಕದ ಮೇಲೆ ಕೊಳ್ಳುವುದು, ಬಿಡಿಬಿಡಿಯಾಗಿ ಮಾರುವುದು. ಇನ್ನೊಬ್ಬರ ತಪ್ಪಿನ ಮೇಲೆ ಹೊಟ್ಟೆ ತುಂಬಿಸಿಕೊಳ್ಳುವ ಕೆಲಸ. ವಕೀಲರೂ ಅದನ್ನೇ ಮಾಡುತ್ತಾರೆ, ಅವರಿಗೆ ಕರಿ ಕೋಟು ಇದೆ, ಅಷ್ಟೇ.

ಅಕ್ಕಲಕೋಟ ರಸ್ತೆಗೆ ಕಾರಖಾನೆಗಳ ಸಾಲಿದೆಯಲ್ಲ, ಅದರಲ್ಲಿ ಒಂದಕ್ಕೆ ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಮಾಲೀಕರ ಹೆಸರು ಬೇಡ, ಶೇಠರು ಅಂದರೆ ಸಾಕು. ಅಲ್ಲಿ ತಪಾಸಣೆ ಟೇಬಲ್ಲಿನ ಮುಖ್ಯಸ್ಥೆ ಮಹಾದೇವಿ. ವಳಸಂಗದ ಒಕ್ಕಲುತನದ ಮನೆಯ ಸೊಸೆ, ವಯಸ್ಸು ನಲವತ್ತರ ಆಚೆ ಈಚೆ. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುವಾಕೆ. ಉದ್ದನೆಯ ಟೇಬಲ್ಲಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಟಾವೆಲ್ ಹಾಸಿ, ಎರಡೂ ಅಂಗೈಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸರಿಸುತ್ತಿದ್ದಳು, ತಿರುವಿ ಹಾಕಿ ಇನ್ನೊಮ್ಮೆ. ಸರಿಯಿದ್ದರೆ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ. ಬಲಕ್ಕೆ ಬಿದ್ದದ್ದು ನನ್ನದು. ಹದಿನಾರು ವರ್ಷ ಅದೇ ಕೆಲಸ, ಆಕೆಯ ಕೈ ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ಆಕೆ ಬಂದ ಮೊದಲ ವರ್ಷ ನಾನು ವ್ಯಾಪಾರಿ ಬುದ್ಧಿ ತೋರಿಸಿದ್ದೆ. ಅಕ್ಕಲಕೋಟದಿಂದ ಒಂದು ಕಿಲೋ ಪೇಢೆ ತಂದು ಟೇಬಲ್ಲಿನ ಮೇಲಿಟ್ಟು, ಬಲಗಡೆಯ ರಾಶಿಯ ಮೇಲೆ ಸ್ವಲ್ಪ ಪ್ರೀತಿ ಇರಲಿ ಅಂದೆ. ಪೇಢೆಯನ್ನು ಪೂರಾ ಸಾಲಿಗೆ ಹಂಚಿದಳು. ಸಂಜೆ ರಾಶಿ ತೂಗುವಾಗ ನೋಡಿದರೆ ಒಂದು ಒಳ್ಳೆಯ ಟಾವೆಲೂ ಇಲ್ಲ. "ಪೇಢೆ ಛಲೋ ಇದ್ವುರಿ ಅಣ್ಣಾರ," ಅಂದಳು, "ಮಾಲು ಇದ್ದಷ್ಟ ಐತಿ." ಅಂದಿನಿಂದ ನಾನು ಆಕೆಗೆ ಪೇಢೆ ತರಲಿಲ್ಲ. ಮರ್ಯಾದೆ ಕೊಟ್ಟೆ, ಅದು ಪೇಢೆಗಿಂತ ಅಗ್ಗ.

ಆ ವರ್ಷ ಹೋಳಿ ಹುಣ್ಣಿಮೆಗೆ ಮುಂಚೆ ಒಂದು ಕಂಟೇನರ್ ಮಾಲು ವಾಪಸು ಬಂತು. ಯಾವುದೋ ದೇಶದ ಹೋಟೆಲಿನಲ್ಲಿ ಗಿರಾಕಿಯೊಬ್ಬ ಮುಖ ಒರೆಸಿಕೊಳ್ಳುವಾಗ ಕೆನ್ನೆ ಗೀರಿತಂತೆ. ಟಾವೆಲಿನ ಅಂಚಿನೊಳಗೆ ಅಕ್ಕಿ ಕಾಳಿನಷ್ಟು ಸೂಜಿಯ ತುಂಡು. ಶೇಠರು ಅವತ್ತು ತಮ್ಮ ಕ್ಯಾಬಿನ್ನಿನಿಂದ ಇಳಿದು ಬಂದು, ಪೂರಾ ಪಾಳಿಯ ಎದುರಿಗೆ, ತಪಾಸಣೆ ಟೇಬಲ್ಲಿನ ಮುಂದೆ ನಿಂತು ಮಹಾದೇವಿಯನ್ನು ಕೇಳಿದರು. ಬೈಗುಳವೆಲ್ಲ ಮರಾಠಿಯಲ್ಲಿತ್ತು, ಕೊನೆಯದು ಮಾತ್ರ ಕನ್ನಡದಲ್ಲಿ. "ನಿನ್ನ ಕೈ ಏನ್ ಮಾಡಾಕತ್ತಿದ್ದೂ?"

ಈಗ ಕೇಳಿ, ಆ ತಪ್ಪು ಯಾರದು ಅಂತ. ಅಂಚು ಹೊಲಿಯುವ ಮಷೀನಿನ ಸೂಜಿ ಮುರಿದರೆ ಒಂದು ಪದ್ಧತಿ ಇದೆ. ಮುರಿದ ತುಂಡುಗಳನ್ನೆಲ್ಲ ಹುಡುಕಿ ಒಂದು ರಜಿಸ್ಟರಿನಲ್ಲಿ ಟೇಪು ಹಚ್ಚಿ ಅಂಟಿಸಬೇಕು, ಸೂಜಿ ಪೂರ್ತಿ ಕೂಡಿದ ಮೇಲೆಯೇ ಹೊಸ ಸೂಜಿ ಕೊಡಬೇಕು. ಒಂದು ತುಂಡು ಸಿಗದಿದ್ದರೂ ಆ ಮಷೀನಿನ ಮಾಲು ಮುಂದೆ ಹೋಗುವಂತಿಲ್ಲ. ಆರ್ಡರಿನ ಅವಸರ ಬಿದ್ದಾಗ ಶೇಠರೇ ಆ ರಜಿಸ್ಟರ್ ತೆಗೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದ್ದರು. ತುಂಡು ಹುಡುಕುತ್ತ ಕೂತರೆ ಹಡಗು ಹೋಗಿಬಿಡುತ್ತದೆ, ಸೂಜಿ ಕೊಟ್ಟು ಮುಂದೆ ನಡೆಸಿರಿ ಅಂದಿದ್ದರು. ಇದು ಹೊಲಿಗೆಯವರಿಗೆ ಗೊತ್ತಿತ್ತು, ಫೋರಮನ್ನಿಗೆ ಗೊತ್ತಿತ್ತು, ಹೊರಗಿನವನಾದ ನನಗೂ ಗೊತ್ತಿತ್ತು. ಅವತ್ತು ಎಲ್ಲರೂ ಟಾವೆಲ್ ನೋಡುತ್ತ ನಿಂತರು. ನಾನೂ ನಿಂತೆ. ನನ್ನ ತೂಕದ ಚೀಟಿಗೆ ಶೇಠರ ಸಹಿ ಬಾಕಿ ಇತ್ತು.

ಅದಾದ ಮೇಲೆ ಬಿಸಿಲು ಏರಿತು. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಹೇಳುವುದೇನಿದೆ. ಹತ್ತು ಗಂಟೆಗೇ ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿಯುತ್ತದೆ, ಕಾರಖಾನೆಯ ತಗಡಿನ ಮಾಡು ಮಧ್ಯಾಹ್ನಕ್ಕೆ ಟಣ್ ಟಣ್ ಅಂತ ಬಿಚ್ಚಿಕೊಳ್ಳುವ ಸಪ್ಪಳ ಮಾಡುತ್ತದೆ. ಆ ಸೆಕೆಯಲ್ಲಿ ಮಹಾದೇವಿಯ ಟೇಬಲ್ಲಿನ ಕೆಲಸ ನಿಧಾನವಾಯಿತು. ಎರಡು ಸಲ ಸರಿಯುತ್ತಿದ್ದ ಅಂಗೈ ಐದು ಸಲ, ಆರು ಸಲ ಸರಿಯತೊಡಗಿತು. ಎಡಕ್ಕೆ ಹಾಕಿದ ಟಾವೆಲನ್ನು ಮತ್ತೆ ಎಳೆದು ನೋಡುತ್ತಿದ್ದಳು. ಊಟದ ಡಬ್ಬಿ ಬಿಚ್ಚಿದಾಗ ರೊಟ್ಟಿಯ ಮೇಲೂ ಬೆರಳು ಆಡಿಸುತ್ತಿದ್ದಳೆಂದು ಜೊತೆಗಿನ ಹುಡುಗಿಯರು ನಕ್ಕರು. ಮೊದಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಒಂದು ಸಂಜೆ ನಾನು ಟೆಂಪೋ ತುಂಬಿಸಿಕೊಂಡು ಅಕ್ಕಲಕೋಟಕ್ಕೆ ಮರಳುವಾಗ ವಳಸಂಗಕ್ಕೆ ರಸ್ತೆ ಒಡೆಯುವ ಫಾಟಾದಲ್ಲಿ ಆಕೆ ಕಂಡಳು. ಊರ ಕಡೆ ನಡೆಯುವುದು ಬಿಟ್ಟು, ರಸ್ತೆ ದಾಟಿ, ಸೊಲ್ಲಾಪುರಕ್ಕೆ ಹೋಗುವ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಬ್ಯಾಗು ಹೆಗಲಿಗೇ ಇತ್ತು. ಗಾಡಿ ನಿಲ್ಲಿಸಿ ಏನೆಂದು ಕೇಳಿದೆ. ಕೊನೆಯ ಗಂಟು ಕಟ್ಟುವಾಗ ಅದರ ಮೇಲಿನ ಟಾವೆಲ್ ಸರಿಯಾಗಿ ನೋಡಿದೆನೋ ಇಲ್ಲವೋ ನೆನಪಾಗಲೊಲ್ಲದು, ಹೋಗಿ ಒಮ್ಮೆ ಬಿಚ್ಚಿ ನೋಡಿ ಬರುತ್ತೇನೆ ಅಂದಳು. ಗೇಟು ಹಾಕಿರ್ತಾರ ಅಂದೆ. ವಾಚಮನ್ನಗ ಗೊತ್ತೈತಿ, ಮೊನ್ನೆನೂ ತಗದಿದ್ದ ಅಂದಳು. ಅಂದರೆ ಇದು ಮೊದಲ ಸಲವಲ್ಲ. ಮನೆಯವರು ಏನಂತಾರೆ ಅಂದೆ. "ಏನಂತಾರರಿ. ರಾತ್ರಿ ಎದ್ದು ಹಾಸಿಗಿ ಸವರತೀನಿ, ಹುಡುಗ್ರು ಅಂಜತಾವ," ಅಂದಳು, ಸಂತೆಯ ದರ ಹೇಳಿದ ಹಾಗೆ.

ನಾನು ಬುದ್ಧಿ ಹೇಳುವುದರಲ್ಲಿ ಯಾವತ್ತೂ ಹಿಂದೆ ಬಿದ್ದವನಲ್ಲ. ದೇವರ ಹೆಸರು ತಗೊಂಡು ಮಲ್ಕೋ, ಚಹಾ ಕಡಿಮೆ ಕುಡಿ, ಶೇಠರ ಮಾತು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಡು, ಎಂದೆಲ್ಲ ಹೇಳಿದೆ. ಬಸ್ಸು ಬಂತು, ಹತ್ತಿ ಹೋದಳು. ಇವತ್ತಿಗೂ ನನ್ನ ಆ ಮೂರು ಉಪದೇಶ ನೆನಪಾದರೆ ನನ್ನ ಬಗ್ಗೆಯೇ ಹೇಸಿಗೆ ಬರುತ್ತದೆ. ಟೆಂಪೋ ತಿರುಗಿಸಿ ಆಕೆಯನ್ನು ಕರೆದೊಯ್ದು ತಂದು ಬಿಡಬಹುದಿತ್ತು. ಡೀಸೆಲ್ ನೆನಪಾಯಿತು.

ಅಷ್ಟರಲ್ಲಿ ಆ ಹೊರದೇಶದ ಗಿರಾಕಿ ಇನ್ನೊಂದು ಕಾಗದ ಕಳಿಸಿದ. ಮುಂದಿನ ಆರ್ಡರ್ ಬೇಕಿದ್ದರೆ ಕಾರಖಾನೆಯಲ್ಲಿ ಕೆಲಸಗಾರರ ಮಾನಸಿಕ ಆರೋಗ್ಯಕ್ಕೆ ಏನು ಮಾಡಿದ್ದೀರೆಂದು ತೋರಿಸಬೇಕು, ಮಳೆಗಾಲದ ಹೊತ್ತಿಗೆ ನಮ್ಮ ಮನುಷ್ಯ ಬಂದು ನೋಡುತ್ತಾನೆ. ಎಲ್ಲರಿಗಿಂತ ಅಗ್ಗದ ದರಕ್ಕೆ, ಎಲ್ಲರಿಗಿಂತ ಬೇಗ ಮಾಲು ಕೊಡಬೇಕೆಂದು ಹಿಂಡುವವನೂ ಇವನೇ, ನಿಮ್ಮ ಮಂದಿ ಸಂತೋಷವಾಗಿದ್ದಾರಾ ಎಂದು ಕೇಳುವವನೂ ಇವನೇ. ಕಬ್ಬಿನ ಗಾಣಕ್ಕೆ ಬಾಯಿ ಬಂದಿದ್ದರೆ ಹೀಗೇ ಮಾತಾಡುತ್ತಿತ್ತು.

ಶೇಠರು ಪುಣೆಯಿಂದ ಮನಸ್ಸಿನ ಸಲಹೆ ಕೊಡುವ ಮ್ಯಾಡಮ್ಮ ಒಬ್ಬರನ್ನು ಕರೆಸಿದರು. ಪಾಪ, ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಲಿಕ್ಕೂ ಒಂದಿಷ್ಟು ತಿಳಿವಳಿಕೆ ಬೇಕಾಗುತ್ತದೆ. ಮೂರು ದಿನ ಇದ್ದರು. ಮೊದಲ ದಿನ ಪಾಳಿ ಶುರುವಾಗುವ ಮೊದಲು ಎಲ್ಲರನ್ನೂ ಮಷೀನುಗಳ ನಡುವೆ ನಿಲ್ಲಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರು ಒಳಗೆ ಎಳೆದುಕೊಳ್ಳಿ ಅಂದರು. ಟಾವೆಲ್ ಕಾರಖಾನೆಯ ಗಾಳಿಯಲ್ಲಿ ಹತ್ತಿಯ ದೂಳು ಹಾರಾಡುತ್ತಿರುತ್ತದೆ, ಅದಕ್ಕೇ ಅಲ್ಲಿಯವರು ಮೂಗಿಗೆ ಅರಿವೆ ಕಟ್ಟಿಕೊಂಡು ಸಣ್ಣಗೆ ಉಸಿರಾಡುವುದನ್ನು ಕಲಿತಿರುತ್ತಾರೆ. ಮ್ಯಾಡಮ್ಮ ಅರಿವೆಯನ್ನೂ ತೆಗೆಸಿದ್ದರು. ಅರ್ಧ ಪಾಳಿ ಕೆಮ್ಮಿತು. ಎರಡನೆಯ ದಿನ ಮನಸ್ಸಿನ ಮಾತು ಬರೆದು ಹಾಕಲು ಒಂದು ಪೆಟ್ಟಿಗೆ ತೂಗುಹಾಕಿಸಿದರು, ಹೆಸರು ಬರೆಯಬೇಕಿಲ್ಲ, ಗುಟ್ಟು ಅಂದರು. ಗೋಡೆಯಲ್ಲಿ ಮೊಳೆ ಇದ್ದದ್ದು ಒಂದೇ ಕಡೆ, ಕ್ಯಾಮೆರಾದ ಕೆಳಗೆ. ಪೆಟ್ಟಿಗೆ ಅಲ್ಲೇ ಬಂತು. ನಾನು ನೋಡಿದಷ್ಟು ದಿನ ಅದರೊಳಗೆ ಬಿದ್ದದ್ದು ಒಂದು ಗುಟಕಾ ಚೀಟಿ.

ಮೂರನೆಯ ದಿನ ಫಾರ್ಮು. ಮರಾಠಿಯಲ್ಲಿ ಇಪ್ಪತ್ತು ಪ್ರಶ್ನೆ. ನಿದ್ದೆ ಬರುತ್ತದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ, ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡಬೇಕೆನಿಸುತ್ತದೆಯೇ. ಪ್ರತಿಯೊಂದಕ್ಕೂ ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ ಎಂದು ಮೂರು ಮನೆ, ಒಂದರಲ್ಲಿ ಟಿಕ್ಕು. ಇದಕ್ಕೆ ಹೆಸರು ಬರೆಯಬೇಕು. ಊಟದ ಸೂಟಿಯಲ್ಲಿ ಗೇಟಿನ ಹೊರಗಿನ ಚಹಾದ ಅಂಗಡಿಯಲ್ಲಿ ಎಲ್ಲರೂ ಫಾರ್ಮು ಹಿಡಿದು ನನ್ನ ಸುತ್ತ ಕೂಡಿದರು. ಅಣ್ಣಾರ, ನೀವು ನಾಕ ಊರ ನೀರ ಕುಡದಾವ್ರು, ಏನ್ ಬರೀಲಿ ಅಂತ. ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಬೇಕೆ. ಮಾಲೀಕ ಕಾಗದದ ಮೇಲೆ ನಿನ್ನ ನೋವು ಕೇಳಿದನೆಂದರೆ ಅದು ಅವನ ಕೈಗೆ ನೀನೇ ಕೊಡುವ ಬಡಿಗೆ ಅಂದೆ. ಎಲ್ಲರೂ ಕೊನೆಯ ಮನೆಗೆ ಟಿಕ್ಕು ಹಾಕ್ರಿ, ಎಂದೂ ಇಲ್ಲ, ಎಂದೂ ಇಲ್ಲ, ಎಂದೂ ಇಲ್ಲ. ಓದು ಬಾರದವರಿಗೆ ನಾನೇ ಹಾಕಿಕೊಟ್ಟೆ. ಒಂದು ತಾಸಿನಲ್ಲಿ ನೂರಾ ಅರವತ್ತು ಮಂದಿ ಸುಖಿಗಳಾದರು.

ಮಹಾದೇವಿ ಮಾತ್ರ ತನ್ನ ಫಾರ್ಮು ತಾನೇ ತುಂಬಿದಳು. ನಾನು ಬಗ್ಗಿ ನೋಡಿದೆ. ಮೊದಲ ಮನೆ, ಮೊದಲ ಮನೆ, ಮೊದಲ ಮನೆ. ಹೀಗ್ಯಾಕ ಮಾಡ್ತಿ, ಹುಚ್ಚಿ, ನನ್ನ ಮಾತು ಕೇಳು ಅಂದೆ. "ಕೇಳ್ಯಾರಲ್ಲರಿ," ಅಂದಳು. "ಎರಡು ತಿಂಗಳಾತು, ಯಾರರೆ ಒಬ್ಬರು ಕೇಳ್ಯಾರಲ್ಲ."

ಮುಂದಿನ ತಪ್ಪು ನಮ್ಮ ಟಾವೆಲಿನ ಮಂದಿಗಷ್ಟೇ ಹೊಳೆಯುವಂಥದ್ದು. ಮ್ಯಾಡಮ್ಮ ಪುಣೆಗೆ ಹೋಗುವಾಗ, ಫಾರ್ಮಿನ ಅಂಕ ಕೂಡಿಸಿರಿ, ಇಂತಿಷ್ಟಕ್ಕಿಂತ ಜಾಸ್ತಿ ಬಂದವರನ್ನು ಬೇರೆ ಗುರುತಿಸಿಡಿ, ನಾನು ಮುಂದಿನ ತಿಂಗಳು ಬಂದು ಅವರ ಜೊತೆ ಮಾತಾಡುತ್ತೇನೆ ಎಂದು ಹೇಳಿ ಹೋದರು. ಶೇಠರ ಕಾರಖಾನೆಯಲ್ಲಿ ಅಂಕ ಹಾಕಿ ಬೇರೆ ಮಾಡುವ ಕೆಲಸ ಯಾವುದಿದ್ದರೂ ಅದು ತಪಾಸಣೆ ಟೇಬಲ್ಲಿಗೇ ಹೋಗಬೇಕು. ಫಾರ್ಮಿನ ಗಂಟೂ ಅಲ್ಲಿಗೇ ಹೋಯಿತು. ಮಹಾದೇವಿ ಟಾವೆಲ್ ಬದಿಗೆ ಸರಿಸಿ ನೂರಾ ಅರವತ್ತೊಂದು ಫಾರ್ಮು ನೋಡಿದಳು. ನೂರಾ ಅರವತ್ತನ್ನು ಎಡಕ್ಕಿಟ್ಟಳು, ಒಂದನ್ನು ಬಲಕ್ಕಿಟ್ಟಳು. ತನ್ನದು. ಆಕೆಯ ಕೈಯಲ್ಲೇ ಪೆನ್ನಿತ್ತು, ನಾಲ್ಕು ಟಿಕ್ಕು ತಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿದ್ದುವ ಹೆಂಗಸಾಗಿದ್ದರೆ ಆ ಬೇಸಿಗೆಯಲ್ಲಿ ಆಕೆಗೆ ನಿದ್ದೆಯೂ ಬರುತ್ತಿತ್ತು.

ಬಲಕ್ಕೆ ಬಿದ್ದದ್ದು ಎಲ್ಲಿಗೆ ಹೋಗಬೇಕು? ಶೇಠರು ಎರಡನೆಯ ವಿಚಾರವನ್ನೇ ಮಾಡಲಿಲ್ಲ. ತಲಿ ಸರಿ ಇಲ್ಲದಾಕಿ ಎಕ್ಸ್‌ಪೋರ್ಟ್ ಮಾಲಿಗೆ ಕೈ ಹಚ್ಚೂದು ಬ್ಯಾಡ, ಹಗರ ಕೆಲಸ ಕೊಡ್ರಿ ಅಂದರು. ಮರುದಿನದಿಂದ ಮಹಾದೇವಿಯನ್ನು ಸೆಕೆಂಡ್ ಮಾಲಿನ ಗೋದಾಮಿಗೆ ಹಾಕಿದರು. ಹಿತ್ತಲಲ್ಲಿ ತಗಡಿನ ಶೆಡ್ಡು, ಕಿಟಕಿ ಒಂದು, ಪಂಖಾ ಇಲ್ಲ. ರಾಶಿ ಕಟ್ಟಿ ಹಗ್ಗ ಬಿಗಿಯುವ ಕೆಲಸ. ಜೊತೆಗೆ ಮಾತಿಗೆ ಒಬ್ಬರೂ ಇಲ್ಲ. ಟೇಬಲ್ಲಿನ ಹುಡುಗಿಯರು ನೀರಿಗೆ ಹೋಗುವಾಗಲೂ ಆ ಶೆಡ್ಡಿನ ಕಡೆ ನೋಡುತ್ತಿರಲಿಲ್ಲ, ಅಂಟು ರೋಗವೇನೋ ಎಂಬಂತೆ. ಮ್ಯಾಡಮ್ಮನ ವರದಿಯಲ್ಲಿ ಇದಕ್ಕೆ ಏನು ಹೆಸರಿತ್ತು ಗೊತ್ತೆ? ಒತ್ತಡ ಕಡಿಮೆ ಮಾಡುವ ಕ್ರಮ. ನಾನೇ ಓದಿದ್ದೇನೆ.

ಈಗ ನನ್ನ ಪಾಲಿನದು ಹೇಳುತ್ತೇನೆ. ಮಹಾದೇವಿ ಎದ್ದ ಮೇಲೆ ಟೇಬಲ್ಲಿಗೆ ನಿಂತ ಇಬ್ಬರು ಹುಡುಗಿಯರಿಗೆ ಜೀವ ಕೈಯಲ್ಲಿತ್ತು. ಒಂದು ತಪ್ಪಾದರೆ ನಮ್ಮದೂ ಅದೇ ಗತಿ ಅಂತ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸುಲಭದ್ದು. ಅನುಮಾನ ಬಂದದ್ದನ್ನೆಲ್ಲ ಬಲಕ್ಕೆ ಎಸೆಯತೊಡಗಿದರು. ಅನುಮಾನ ಬಾರದ್ದನ್ನೂ ಎಸೆದರು. ಗೋದಾಮಿನಲ್ಲಿ ನನ್ನ ರಾಶಿ ಎದೆಯೆತ್ತರ ಬೆಳೆಯಿತು, ಅದರಲ್ಲಿ ಮುಕ್ಕಾಲು ಪಾಲು ಕಲೆಯಿಲ್ಲದ, ಎಳೆಯಿಲ್ಲದ, ಹಡಗಿನಲ್ಲಿ ಹೋಗಬೇಕಾದ ಮಾಲು. ಮೊದಲ ದಿನವೇ ನನಗೆ ತಿಳಿಯಿತು. ಮೂರು ವಾರ ಬಾಯಿ ಬಿಡಲಿಲ್ಲ. ಟೆಂಪೋ ತುಂಬಿ ತುಂಬಿ ಒಯ್ದೆ. ಅಕ್ಕಲಕೋಟದ ನನ್ನ ಅಂಗಡಿಯಲ್ಲಿ ಆ ವೈಶಾಖದಲ್ಲಿ ಭಕ್ತರು ಕೊಂಡಂಥ ಟಾವೆಲ್ ದೊಡ್ಡ ಹೋಟೆಲಿನವರಿಗೂ ಸಿಕ್ಕಿರಲಿಕ್ಕಿಲ್ಲ. ಆ ಮಾಲು ಗಂಟು ಕಟ್ಟಿ ನನ್ನ ಟೆಂಪೋಗೆ ಏರಿಸುತ್ತಿದ್ದವಳು ಮಹಾದೇವಿ.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ನಾವಿಬ್ಬರೇ ಇದ್ದೆವು. ಲೈಟು ಹೋಗಿತ್ತು. ಹಗ್ಗ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿ, ಒಂದು ಟಾವೆಲ್ ಎಳೆದು ನನ್ನ ಮೊಣಕಾಲ ಮೇಲೆ ಹಾಸಿದಳು.

"ಇದರಾಗ ತಪ್ಪು ತೋರಸ್ರಿ ಅಣ್ಣಾರ."

ನಾನು ಎಂದಿನ ಹಾಗೆ ನಗೆಯಾಡಿದೆ. ನನಗ ಏನ್ ತಿಳೀತದವ್ವ, ನೀನಽ ಕಣ್ಣಿದ್ದಾಕಿ ಅಂದೆ.

"ತಿಳೀತೈತಿ ನಿಮಗ. ಮೂರು ವಾರದಿಂದ ತಿಳದೈತಿ," ಅಂದಳು. "ಆ ಹುಡುಗ್ಯಾರು ಅಂಜಿ ಎಸದಾರ. ನೀವು ಅಂಜಿಕಿನೂ ತೂಕಕ್ಕ ಹಾಕಿ ಒಯ್ಯಾಕತ್ತೀರಿ. ಅವತ್ತು ಚಹಾದಂಗಡ್ಯಾಗ ಎಲ್ಲಾರ ಬಾಯಿ ಮುಚ್ಚಿಸಿ ನನ್ನ ಒಬ್ಬಾಕಿನ್ನ ಹೊರಗ ತಗದ್ರಿ. ಹತ್ತು ಮಂದಿ ಖರೆ ಬರದಿದ್ರ ಹತ್ತೂ ಮಂದೀನ ಇಲ್ಲಿ ಹಾಕ್ತಿದ್ರೇನ್ರಿ ಶೇಠರು? ಟೇಬಲ್ ಖಾಲಿ ಆಗ್ತಿತ್ತು."

ಇಡೀ ಜನ್ಮದಲ್ಲಿ ನನ್ನ ಬುದ್ಧಿಮಾತಿಗೆ ಇಷ್ಟು ಸರಿಯಾದ ಬೆಲೆ ಯಾರೂ ಕಟ್ಟಿರಲಿಲ್ಲ. ನೂರಾ ಅರವತ್ತು ಮಂದಿಗೆ ನಾನು ಸುಳ್ಳು ಹೇಳಿಸಿ ಕಾಪಾಡಿದೆ ಅಂದುಕೊಂಡಿದ್ದೆ. ಆಕೆಯ ಖರೆಯೊಂದೇ ಹುಚ್ಚಿನಂತೆ ಕಾಣುವ ಹಾಗೆ ಮಾಡಿದ್ದೆ.

ಆ ವಾರವೇ ಶೇಠರ ಕ್ಯಾಬಿನ್ನಿಗೆ ಹೋದೆ. ಚೌಕಾಸಿಯ ಮೊದಲ ಪಾಠ, ನಿಮಗೆ ಬೇಕಾದ್ದನ್ನು ಎಂದೂ ಮೊದಲು ಕೇಳಬಾರದು. ಇನ್ನು ಮುಂದೆ ನಿಮ್ಮ ಸೆಕೆಂಡ್ ಮಾಲು ನನಗೆ ಬೇಡ ಅಂದೆ. ಶೇಠರ ಮುಖ ಬಾಡಿತು. ಗೋದಾಮು ತುಂಬಿ ಅಂಗಳಕ್ಕೆ ಬಂದಿತ್ತು, ಹೊರದೇಶದ ಮನುಷ್ಯ ಬರುವ ದಿನ ಹತ್ತಿರವಿತ್ತು. ಚೀಲದಿಂದ ಎರಡು ಟಾವೆಲ್ ತೆಗೆದು ಮೇಜಿನ ಮೇಲೆ ಹಾಸಿ, ಇದರಾಗ ತಪ್ಪು ಹುಡುಕ್ರಿ ಅಂದೆ. ಕನ್ನಡಕ ಹಾಕಿ ಹುಡುಕಿದರು, ಸಿಗಲಿಲ್ಲ.

"ನಿಮ್ಮ ಫಸ್ಟ್ ಮಾಲರಿ ಇದು. ಮೂರು ವಾರದಿಂದ ಸೆಕೆಂಡ್ ದರದಾಗ ನನಗ ಕೊಡಾಕತ್ತೀರಿ."

"ಮತ್ತ ಮೂರು ವಾರ ಸುಮ್ಮ ಇದ್ದ್ಯಾ, ಬಸಣ್ಣ?"

"ಇದ್ದೆ. ನಿಮ್ಮ ಕಡೀಂದನ ಕಲತೀನಿ."

ಬಿದ್ದು ಬಿದ್ದು ನಕ್ಕರು. ಶೇಠರಲ್ಲಿ ಇದೊಂದು ಗುಣ, ಲಾಭ ಮಾಡಿಕೊಂಡವನ ಮೇಲೆ ಅವರಿಗೆ ಸಿಟ್ಟೇ ಬರುವುದಿಲ್ಲ. ನಗು ಇಳಿಯುವುದರೊಳಗೆ ನನ್ನ ಮಾತು ತೂರಿಸಿದೆ. ಮಾಲಿನೊಳಗೆ ಲೋಹದ ಚೂರಿದ್ದರೆ ಕೂಗುವ ಮಷೀನು ಬರುತ್ತದೆ, ಅದನ್ನು ತರಿಸಿರೆಂದು ಫೋರಮನ್ ನಾಲ್ಕು ವರ್ಷದಿಂದ ಹೇಳುತ್ತಿದ್ದ. ಅದನ್ನು ತರಿಸಿರಿ, ಮಾನಸಿಕ ಆರೋಗ್ಯದ ಖರ್ಚೆಂದು ಬರೆಯಿರಿ, ಟೇಬಲ್ಲಿನವರ ಅಂಜಿಕೆ ತೆಗೆದೆವೆಂದು ತೋರಿಸಿರಿ. ಪುಣೆಯ ಮ್ಯಾಡಮ್ಮ ಇನ್ನೂ ನಾಲ್ಕು ಸಲ ಬಂದು ಉಸಿರು ಎಳೆಸಿದರೂ ಅಷ್ಟು ಚೆಂದ ಕಾಣುವುದಿಲ್ಲ. ಜೊತೆಗೆ ಮಹಾದೇವಿಯನ್ನು ಪಗಾರ ಹೆಚ್ಚಿಸಿ ಟೇಬಲ್ಲಿಗೆ ಕರೆಸಿರಿ, ಇಲ್ಲದಿದ್ದರೆ ಆ ಹುಡುಗಿಯರು ನಿಮ್ಮ ಪೂರಾ ಆರ್ಡರನ್ನು ನನ್ನ ಟೆಂಪೋಗೆ ತುಂಬಿಸುತ್ತಾರೆ. ಶೇಠರು ಕ್ಯಾಲ್ಕುಲೇಟರ್ ಒತ್ತಿ ಒಪ್ಪಿದರು. ಮನುಷ್ಯರ ಕಷ್ಟ ಅವರಿಗೆ ಅರ್ಥವಾಗುತ್ತಿತ್ತು, ಆ ಲೆಕ್ಕದ ಡಬ್ಬಿಯೊಳಗಿಂದ ಹೊರಬಿದ್ದರೆ.

ಗೆದ್ದೆ ಎಂದುಕೊಂಡು ಗೋದಾಮಿಗೆ ಹೋದೆ. ಮಷೀನು ಬರುತ್ತದೆ, ಪಗಾರ ಹೆಚ್ಚಾಗುತ್ತದೆ, ಸೋಮವಾರದಿಂದ ಟೇಬಲ್ಲಿಗೆ ಬಾ ಅಂದೆ. ಮಹಾದೇವಿ ಹಗ್ಗದ ತುದಿ ಹಿಡಿದುಕೊಂಡೇ ಕೇಳಿಸಿಕೊಂಡಳು, ಆಮೇಲೆ ಅಂದಳು.

"ಮಷೀನ ಬಂದ್ರ ಛಲೋನ ಆತು. ಪಗಾರನೂ ಬ್ಯಾಡನ್ನಂಗಿಲ್ಲ. ಆದ್ರ ಆ ಟೇಬಲ್ ಮುಂದ ನಿಂತ್ನಿ ಅಂದ್ರ ನನಗ ಅದೊಂದಽ ಕೇಳಸ್ತೈತ್ರಿ, ನಿನ್ನ ಕೈ ಏನ್ ಮಾಡಾಕತ್ತಿದ್ದೂ ಅಂತ. ಎಲ್ಲಿ ನಿಂತು ಅಂದಾರ, ಅಲ್ಲೇ ನಿಂತು, ರಜಿಸ್ಟರ್ ನಾನಽ ಬಂದ್ ಮಾಡಸಿದ್ದೆ ಅನ್ಲಿ. ಅಂದ್ರ ಬರ್ತೀನಿ."

ನಾನು ಚಾದರ ಮಾರಿದ್ದೇನೆ, ಟಾವೆಲ್ ಮಾರಿದ್ದೇನೆ, ಒಮ್ಮೆ ಒಂದು ಬಾವಿಯನ್ನೂ ಮಾರಿಸಿಕೊಟ್ಟಿದ್ದೇನೆ. ಆದರೆ ಒಂದು ವಾಕ್ಯಕ್ಕಾಗಿ ದಲಾಲಿ ಮಾಡಿದ್ದು ಅದೇ ಮೊದಲು, ಅದೇ ಕೊನೆ. ಶೇಠರು ಸೀರೆ ಕೊಡುತ್ತೇನೆ ಅಂದರು. ಗೋದಾಮಿಗೆ ಹೋಗಿ ಹೇಳಿದೆ, ಆಕೆ ತಲೆಯಾಡಿಸಿದಳು. ಪಗಾರ ಇನ್ನೂ ಏರಿಸುತ್ತೇನೆ ಅಂದರು. ಉತ್ತಮ ಕಾಮಗಾರಳೆಂದು ಫೋಟೋ ಹಾಕಿ ಕಟ್ಟು ಹಾಕಿಸಿ ಗೋಡೆಗೆ ತೂಗಿಸುತ್ತೇನೆ ಅಂದರು. ಕ್ಯಾಬಿನ್ನಿಗೆ ಬರಲಿ, ಬಾಗಿಲು ಹಾಕಿ ಅನ್ನುತ್ತೇನೆ ಅಂದರು. ಕಾಗದದ ಮೇಲೆ ಬರೆದುಕೊಡುತ್ತೇನೆ ಅಂದರು. ಕೊನೆಗೆ ಮ್ಯಾಡಮ್ಮನ ಕಡೆಯಿಂದ ಅನ್ನಿಸುತ್ತೇನೆ ಅಂದರು. ಐದು ದಿನ ನಾನು ಆ ಅಂಗಳದ ಬಿಸಿಲಿನಲ್ಲಿ ಕ್ಯಾಬಿನ್ನಿಗೂ ಗೋದಾಮಿಗೂ ಅಡ್ಡಾಡಿದೆ. ಲಕ್ಷಗಟ್ಟಲೆಯ ಮಷೀನಿಗೆ ಹತ್ತು ನಿಮಿಷದಲ್ಲಿ ಹೂಂ ಅಂದ ಮನುಷ್ಯ, ಬಾಯಿಂದ ನಾಲ್ಕು ಶಬ್ದ ಬೀಳಿಸಲು ಜಿಪುಣತನ ಮಾಡುವುದನ್ನು ಆಗ ನೋಡಿದೆ. ನಿಮ್ಮ ಕೈಕೆಳಗೂ ನಾಲ್ಕು ಮಂದಿ ಇದ್ದರೆ ನನ್ನ ಮಾತು ಕೇಳಿ. ದುಡ್ಡಿಗಿಂತ ಮೊದಲು ಆ ನಾಲ್ಕು ಶಬ್ದ ಕೊಟ್ಟುಬಿಡಿ, ಬಹಳ ಉಳಿಯುತ್ತದೆ.

ಐದನೆಯ ದಿನ ನಾನು ಶೇಠರಿಗೆ ಒಂದು ಮಾತು ನೆನಪು ಮಾಡಿದೆ. ಹೊರದೇಶದ ಮನುಷ್ಯ ಬಂದರೆ ಮಾಲೀಕರನ್ನು ಹೊರಗೆ ಕಳಿಸಿ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ ಕೇಳುತ್ತಾನೆ. ನೂರಾ ಅರವತ್ತು ಮಂದಿಗೆ ಏನು ಹೇಳಬೇಕೆಂದು ನಾನು ಕಲಿಸಿಕೊಡಬಲ್ಲೆ. "ಆಕಿಗಿ ಕಲಸಾಕ ಆಗಂಗಿಲ್ರಿ ಶೇಠಜಿ. ಆಕಿಗಿ ಖರೆ ಬಿಟ್ಟು ಬ್ಯಾರೆ ಬರಂಗಿಲ್ಲ."

ಅವತ್ತು ಮಧ್ಯಾಹ್ನ ನಾಲ್ಕರ ಸುಮಾರಿಗೆ ಕೆಳಗಿಳಿದು ಬಂದರು. ಹೊರಗೆ ಮೋಡ ಕಟ್ಟಿ ಗಾಳಿಯೇ ಇರಲಿಲ್ಲ, ಮುಂಗಾರಿನ ಮಿರಗದ ಮಳೆ ಇನ್ನೂ ಬಂದಿರಲಿಲ್ಲ. ಮಹಾದೇವಿಯನ್ನು ಟೇಬಲ್ಲಿಗೆ ಕರೆಸಿದರು. ಹೊಲಿಗೆ ಮಷೀನುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು, ಪಕ್ಕದ ಶೆಡ್ಡಿನಲ್ಲಿ ಮಗ್ಗಗಳ ಅಬ್ಬರ. ಶೇಠರು ಆ ಹೊತ್ತನ್ನು ಯಾಕೆ ಆರಿಸಿದರೆಂದು ನನಗೆ ತಕ್ಷಣ ತಿಳಿಯಿತು. ಟೇಬಲ್ಲಿನ ಮೇಲಿನ ಟಾವೆಲ್ ನೋಡುತ್ತ ಏನೋ ತುಟಿಯಾಡಿಸಿದರು, ಆಯಿತು ಎಂಬಂತೆ ನನ್ನ ಕಡೆ ತಿರುಗಿದರು.

"ಕೇಳಸಲಿಲ್ಲರಿ," ಅಂದಳು ಮಹಾದೇವಿ.

ಸ್ವಲ್ಪ ದನಿ ಏರಿಸಿ ಮತ್ತೆ ಅಂದರು. ಪಕ್ಕದಲ್ಲಿ ನಿಂತ ನನಗೂ ತಪ್ಪು ಅನ್ನುವ ಒಂದು ಶಬ್ದ ಬಿಟ್ಟರೆ ಏನೂ ಕೇಳಿಸಲಿಲ್ಲ. ಮಹಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯ ಕಡೆ ನಡೆದು ದೊಡ್ಡ ಸ್ವಿಚ್ಚಿನ ಹಿಡಿ ಕೆಳಗೆಳೆದಳು. ಮಷೀನು, ಪಕ್ಕದ ಶೆಡ್ಡಿನ ಮಗ್ಗ ಎಲ್ಲ ನಿಂತವು, ಅದರ ಹಿಂದೆ ಪಂಖಾಗಳು ಒಂದೊಂದಾಗಿ ಸುತ್ತು ಕಡಿಮೆ ಮಾಡಿ ನಿಂತವು. ಗಾಳಿಯಲ್ಲಿದ್ದ ಹತ್ತಿಯ ದೂಳು ನಿಧಾನಕ್ಕೆ ಇಳಿಯತೊಡಗಿತು. ಫೋರಮನ್ ಓಡಿ ಬಂದವನು ಶೇಠರ ಮುಖ ನೋಡಿ ಅಲ್ಲೇ ನಿಂತ. ನೂರಾ ಅರವತ್ತು ಮಂದಿ ತಲೆಯೆತ್ತಿದರು. ಆಕೆ ತಿರುಗಿ ಬಂದು ಟೇಬಲ್ಲಿನ ತನ್ನ ಬದಿಗೆ ನಿಂತಳು.

"ಈಗ ಹೇಳ್ರಿ."

ಶೇಠರು ಹೇಳಿದರು. "ಸೂಜಿ ತುಂಡು ಹೋಗಿದ್ದು ಮಹಾದೇವಿ ತಪ್ಪಲ್ಲ. ರಜಿಸ್ಟರ್ ನಾನಽ ಬಂದ್ ಮಾಡಸಿದ್ದೆ."

ಹೊಲಿಗೆಯ ಸಾಲಿನಲ್ಲಿ ಒಬ್ಬಾಕೆ ಮುಖಕ್ಕೆ ಕಟ್ಟಿದ ಅರಿವೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಮಹಾದೇವಿ ಎರಡೂ ಕೈಯನ್ನು ಟೇಬಲ್ಲಿನ ಮೇಲಿಟ್ಟು ಬರಿದೇ ನಿಂತಿದ್ದಳು. ಬೆರಳು ಆಡಲಿಲ್ಲ. ನಾನು ಎಣಿಸಿದವನ ಹಾಗೆ ನೋಡಿದೆ, ಆಡಲಿಲ್ಲ. ನಾಳೆಯಿಂದ ಕೆಲಸ ಶುರು ಮಾಡು ಎಂದು ಶೇಠರು ಹೊರಡಲು ತಿರುಗಿದರು.

"ನಾಳೆ ಆಗಂಗಿಲ್ಲರಿ," ಅಂದಳು. "ಎಂಟ ದಿನ ಸೂಟಿ ಬೇಕು. ಮನ್ಯಾಗ ಮಲ್ಕೋಬೇಕು ನಾ."

ಆರ್ಡರಿನ ನಡುವೆ ಎಂಟು ದಿನ. ಶೇಠರು, ನೀನಾದರೂ ದಿನ ಇಳಿಸು ಅನ್ನುವ ಹಾಗೆ ನನ್ನ ಕಡೆ ನೋಡಿದರು. ಇಪ್ಪತ್ತು ವರ್ಷದ ವ್ಯವಹಾರ ನಮ್ಮದು.

"ಪಗಾರ ಸಹಿತ ಸೂಟಿ ಶೇಠಜಿ," ಅಂದೆ.